ಕೋಲಾರ ರೋಡ್ ರೈಲು ನಿಲ್ದಾಣ: ಸಂಕ್ಷಿಪ್ತ ಇತಿಹಾಸ

ಕೋಲಾರ ಜಿಲ್ಲೆಯ ಬಂಗಾರಪೇಟೆ ಜಂಕ್ಷನ್ ತನ್ನ ಆರಂಭದ ವರ್ಷಗಳಲ್ಲಿ ‘ಕೋಲಾರ ರೋಡ್’ ಎಂಬ ಹೆಸರಿನಿಂದ ಕರೆಯಲ್ಪಡುತ್ತಿತ್ತು. ಮದ್ರಾಸ್ ರೈಲ್ವೆ ಕಂಪನಿಯು ಜೋಲಾರಪೇಟೆಯಿಂದ ಬೆಂಗಳೂರು ದಂಡಿನವರೆಗೆ ನಿರ್ಮಿಸಿದ ಮಾರ್ಗವು 1864ರಲ್ಲಿ ಸಂಚಾರಕ್ಕೆ ಮುಕ್ತವಾಯಿತು. ಈ ಮಾರ್ಗವು ಕೋಲಾರ ಪಟ್ಟಣವನ್ನು ಮುಟ್ಟದೆ, ಅದರ ದಕ್ಷಿಣಕ್ಕೆ ಸುಮಾರು 10 ಮೈಲಿ ದೂರದಲ್ಲಿ ಹಾದುಹೋಯಿತು. ಊರು ದೂರವಿದ್ದು, ಊರಿಗೆ ಹೋಗುವ ರಸ್ತೆ ಮಾತ್ರ ಸಮೀಪವಿರುವ ನಿಲ್ದಾಣದ ಹೆಸರಿಗೆ ‘ರೋಡ್’ ಎಂಬ ಪದವನ್ನು ಸೇರಿಸುವುದು ರೈಲ್ವೆಯ ರೂಢಿ. ಕುಕ್ಕೆ ಕ್ಷೇತ್ರದ ಯಾತ್ರಿಕರು ಇಳಿಯುವ ಸುಬ್ರಹ್ಮಣ್ಯ ರೋಡ್ ನಿಲ್ದಾಣವು ಇದಕ್ಕೆ ಇಂದಿನ ನಿದರ್ಶನವಾಗಿದೆ.

ನಿಲ್ದಾಣದ ಬಳಿ ಹೊಸದಾಗಿ ಬೆಳೆದ ಪೇಟೆಗೆ, 1862ರಿಂದ 1870ರವರೆಗೆ ಮೈಸೂರಿನ ಕಮೀಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಅವರ ಹೆಸರನ್ನು ಇಡಲಾಯಿತು. ಕಾಲಕ್ರಮೇಣ ನಿಲ್ದಾಣವೂ ‘ಬೌರಿಂಗ್‌ಪೇಟೆ’ಯಾಯಿತು; ‘ಕೋಲಾರ ರೋಡ್’ ಎಂಬ ಹೆಸರು ಬಳಕೆಯಿಂದ ಮರೆಯಾಯಿತು.

ನಿಲ್ದಾಣದ ಭವಿಷ್ಯವನ್ನು ಬದಲಿಸಿದ್ದು ಚಿನ್ನ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು ಗಣಿಗಾರಿಕೆಯನ್ನು ಕೈಗೊಂಡ ನಂತರ ಯಂತ್ರೋಪಕರಣಗಳ ಅಗತ್ಯವು ಬಹುವಾಗಿ ಹೆಚ್ಚಿತು. ರೈಲಿನಿಂದ ಇಳಿಸಿದ ಸಾಮಗ್ರಿಯನ್ನು ಇಲ್ಲಿಂದ ಮುಂದಕ್ಕೆ ರಸ್ತೆಯ ಮೂಲಕವೇ ಸಾಗಿಸಬೇಕಾಗಿತ್ತು. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತಾವಧಿಯಲ್ಲಿ, 1894ರಲ್ಲಿ, ಬೌರಿಂಗ್‌ಪೇಟೆಯಿಂದ ಚಿನ್ನದ ಗಣಿ ಪ್ರದೇಶಕ್ಕೆ ಸುಮಾರು 10 ಮೈಲಿ ಉದ್ದದ ಶಾಖಾ ಮಾರ್ಗವು ಆರಂಭಗೊಂಡಿತು. ಕೋರಮಂಡಲ್, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ನಿಲ್ದಾಣಗಳು ಈ ಮಾರ್ಗದಲ್ಲಿವೆ. ಶಿವನಸಮುದ್ರದ ವಿದ್ಯುತ್ ಗಣಿಗಳನ್ನು ತಲುಪಿದ್ದು ಇದಾದ 8 ವರ್ಷಗಳ ನಂತರ, 1902ರಲ್ಲಿ.

ನಿಲ್ದಾಣಕ್ಕೆ ಮೊದಲು ತನ್ನ ಹೆಸರನ್ನು ನೀಡಿದ್ದ ಕೋಲಾರವಾದರೋ ಹೆಚ್ಚು ಕಾಲ ಕಾಯಬೇಕಾಯಿತು. ಬೌರಿಂಗ್‌ಪೇಟೆ–ಕೋಲಾರ ನ್ಯಾರೋಗೇಜ್ ಮಾರ್ಗವು ಆರಂಭವಾದದ್ದು 1913ರಲ್ಲಿ. ಅಂದರೆ ಮೊದಲ ರೈಲು ಬಂದ 49 ವರ್ಷಗಳ ನಂತರ! ಜಿಲ್ಲಾ ಕೇಂದ್ರಕ್ಕಿಂತ ಗಣಿಯ ಅಗತ್ಯವೇ ಮೊದಲು ಈಡೇರಿತೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಮುಂದೆ ಈ ಮಾರ್ಗವು ಬ್ರಾಡ್‌ಗೇಜ್‌ಗೆ ಪರಿವರ್ತನೆಗೊಂಡಿತು. ಕೋಲಾರ–ಚಿಕ್ಕಬಳ್ಳಾಪುರ ಭಾಗದ ಪರಿವರ್ತನೆಯು 2013ರಲ್ಲಿ ಪೂರ್ಣಗೊಂಡಿತು.

2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಲ್ಪಟ್ಟವು. ಗಣಿಗಾಗಿ ಹಾಕಿದ ಹಳಿಯ ಮೇಲೆಯೇ ಅನಂತರ ಕೆ.ಜಿ.ಎಫ್.ನ ಸಾವಿರಾರು ಜನರು ಉದ್ಯೋಗಕ್ಕಾಗಿ ಪ್ರತಿದಿನ ಬೆಂಗಳೂರಿಗೆ ಹೋಗಿಬರುವಂತಾಯಿತು.

ಸಾರ್ವಜನಿಕರ ಗಮನಕ್ಕೆ: ಹಿರಿಯರ ಹಳೆಯ ದಾಖಲೆಗಳಲ್ಲಿ ಕಂಡುಬರುವ ‘ಬೌರಿಂಗ್‌ಪೇಟೆ’ ಇಂದಿನ ಬಂಗಾರಪೇಟೆಯೇ ಆಗಿರುತ್ತದೆ. ಪ್ರತ್ಯೇಕ ಕೆ.ಜಿ.ಎಫ್. ತಾಲ್ಲೂಕು ರಚನೆಯಾಗುವವರೆಗೆ ಗಣಿ ಪ್ರದೇಶವೂ ಇದೇ ತಾಲ್ಲೂಕಿಗೆ ಸೇರಿತ್ತು.