ಹೋದವರನ್ನು ದೂರುವ ಮುನ್ನ



ಹುಟ್ಟಿದ ಧರ್ಮವನ್ನು ಬಿಟ್ಟು ಜನರು ಬೇರೊಂದು ಪಂಥವನ್ನು ಏಕೆ ಸೇರುತ್ತಾರೆ ಎಂದು ಮಠಕ್ಕೆ ಬರುವವರು ಆಗಾಗ ಕೇಳುವುದುಂಟು. ಕೇಳುವವರ ಬಾಯಲ್ಲಿಯೇ ಉತ್ತರವೂ ಸಿದ್ಧವಾಗಿರುತ್ತದೆ: ಯಾರೋ ಆಸೆ ತೋರಿಸಿದರು, ಇವರು ಹೋದರು. ಉತ್ತರವೇನೋ ಸುಲಭ, ಆದರೆ ಸುಲಭವಾದುದೆಲ್ಲ ಸತ್ಯವಲ್ಲ. ಇತಿಹಾಸದ ಒಂದು ಘಟನೆಯನ್ನು ಮುಂದಿಟ್ಟುಕೊಂಡು ನಾವು ಇದನ್ನು ವಿಚಾರ ಮಾಡೋಣ.

1956ನೆಯ ಇಸವಿ ಅಕ್ಟೋಬರ್ 14, ವಿಜಯದಶಮಿಯ ದಿನ. ನಾಗಪುರದಲ್ಲಿ ಡಾ. ಬಾಬಾಸಾಹೇಬ ಅಂಬೇಡ್ಕರ್ ಅವರು ವಯೋವೃದ್ಧ ಭಿಕ್ಷು ಚಂದ್ರಮಣಿಯವರಿಂದ ಬೌದ್ಧ ದೀಕ್ಷೆಯನ್ನು ಪಡೆದರು. ಬಳಿಕ ನೆರೆದಿದ್ದ ಲಕ್ಷಾಂತರ ಜನರಿಗೆ ತಾವೇ ದೀಕ್ಷೆಯಿತ್ತರು. 1951ರ ಜನಗಣತಿಯಲ್ಲಿ ಭಾರತದ ಬೌದ್ಧರ ಸಂಖ್ಯೆ ಎರಡು ಲಕ್ಷವನ್ನೂ ಮುಟ್ಟಿರಲಿಲ್ಲ; 1961ರಲ್ಲಿ ಅದು 32 ಲಕ್ಷವನ್ನು ಮೀರಿತು.

ಇದು ಒಂದು ದಿನದ ಆವೇಶವೇ? ಅಲ್ಲ. ಇದರ ಬೇರು ಒಂದು ಕೆರೆಯ ದಂಡೆಯಲ್ಲಿದೆ. ಕೊಂಕಣದ ಮಹಾಡ ಎಂಬ ಊರಿನ ಚವದಾರ ಕೆರೆಯು ಸರ್ವರಿಗೂ ಮುಕ್ತವೆಂದು ಅಲ್ಲಿನ ಪುರಸಭೆಯೇ ಠರಾವು ಮಾಡಿತ್ತು. ಕಾಗದದ ಮೇಲೆ ತೆರೆದ ಕೆರೆ ನೆಲದ ಮೇಲೆ ಮುಚ್ಚಿಯೇ ಇತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರರೂ ಅವರ ಸಂಗಡಿಗರೂ ಅಲ್ಲಿಗೆ ಹೋಗಿ ಬೊಗಸೆ ನೀರು ಕುಡಿದರು. ಅಷ್ಟಕ್ಕೇ ಅವರ ಜನರ ಮೇಲೆ ಹಲ್ಲೆ ನಡೆಯಿತು. ಆಮೇಲೆ ಕೆರೆಗೆ ಪಂಚಗವ್ಯವನ್ನು ಸುರಿದು ಶುದ್ಧಿ ಮಾಡಿದರು. ಸಗಣಿ ಗಂಜಲದಿಂದ ಪವಿತ್ರವಾಗುವ ನೀರು ಮನುಷ್ಯನ ಕೈ ಸೋಕಿ ಮೈಲಿಗೆಯಾಯಿತಂತೆ! ಈ ಕೆರೆಯ ವ್ಯಾಜ್ಯ ಮುಂಬಯಿ ಹೈಕೋರ್ಟಿನಲ್ಲಿ ತೀರ್ಮಾನವಾದುದು 1937ರಲ್ಲಿ.

1930ರಲ್ಲಿ ನಾಸಿಕದ ಕಾಳಾರಾಮ ಮಂದಿರದ ಬಾಗಿಲಲ್ಲಿ ಸತ್ಯಾಗ್ರಹ ನಡೆಯಿತು. ವರ್ಷಗಳು ಕಳೆದರೂ ಬಾಗಿಲು ತೆರೆಯಲಿಲ್ಲ. 1935ರ ಅಕ್ಟೋಬರಿನಲ್ಲಿ ಅಂಬೇಡ್ಕರರು ಯೇವಲಾದಲ್ಲಿ, ತಾವು ಹಿಂದುವಾಗಿ ಹುಟ್ಟಿದ್ದರೂ ಹಿಂದುವಾಗಿ ಸಾಯುವುದಿಲ್ಲವೆಂದು ಸಾರಿದರು. ಅಲ್ಲಿಂದ ದೀಕ್ಷೆಗೆ ಇಪ್ಪತ್ತೊಂದು ವರ್ಷ. ಆಸೆಗೆ ಬಲಿಯಾದವನು ಇಷ್ಟು ಕಾಲ ಕಾಯುವನೇ?

ಇನ್ನು ಲಾಭದ ಮಾತು. ಬೌದ್ಧರಾದವರು ಪರಿಶಿಷ್ಟ ಜಾತಿಗಳಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಸವಲತ್ತುಗಳಿಗೆ ಎರವಾದರು. ಕಾನೂನು ತಿದ್ದುಪಡಿಯಾಗಿ ಅವು ಮರಳಿ ದೊರೆತದ್ದು 1990ರಲ್ಲಿ. ಕೈಯಲ್ಲಿದ್ದುದನ್ನು ಕಳೆದುಕೊಂಡು ಹೋದವರನ್ನು ಆಸೆಬುರುಕರೆನ್ನುವುದು ನ್ಯಾಯವಲ್ಲ.

ಹಾಗಾದರೆ ಅವರಿಗೆ ಸಿಕ್ಕಿದ್ದೇನು? ಮೊದಲನೆಯದು ಮಾನ, ತಾನು ಯಾರಿಗೂ ಕೀಳಲ್ಲವೆಂದು ತಲೆಯೆತ್ತಿ ನಿಲ್ಲುವ ಧೈರ್ಯ. ಎರಡನೆಯದು ನೇಮ. ಅಂದು ಬೋಧಿಸಿದ ಇಪ್ಪತ್ತೆರಡು ಪ್ರತಿಜ್ಞೆಗಳಲ್ಲಿ ಹಳೆಯ ದೇವತೆಗಳನ್ನು ಪೂಜಿಸುವುದಿಲ್ಲವೆಂಬ ನಿರಾಕರಣೆಯಷ್ಟೇ ಇರಲಿಲ್ಲ. ಕಳವು, ಸುಳ್ಳು, ಮದ್ಯಗಳನ್ನು ಬಿಡುವ, ಎಲ್ಲರನ್ನೂ ಸಮಾನರೆಂದು ಕಾಣುವ ಸಂಕಲ್ಪವೂ ಇತ್ತು. ಮೂರನೆಯದು ಬಳಗ. ದೀಕ್ಷೆ ಪಡೆದವರಲ್ಲಿ ಬಹುಪಾಲು ಜನ ಮಹಾರ ಸಮಾಜದವರು, ಅಂಬೇಡ್ಕರರ ಸ್ವಂತ ಜನ. ಗ್ರಂಥ ಓದಿ ತತ್ತ್ವ ತೂಗಿ ಪಂಥ ಸೇರುವವರು ಕೆಲವರು; ನಂಬಿದವರ ಹೆಜ್ಜೆ ಹಿಡಿದು, ಅಣ್ಣತಮ್ಮಂದಿರೊಡನೆ ಕೂಡಿ ಸೇರುವವರೇ ಬಹಳ. ಒಂಟಿಯಾಗಿ ದಾಟಲಾಗದ ಹೊಳೆಯನ್ನು ಜನ ಕೈಕೈ ಹಿಡಿದು ದಾಟುತ್ತಾರೆ.

ಭಕ್ತರೇ, ಇದು ನಮಗೆ ಹೊಸ ಕಥೆಯೇ? ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ, ಹರಳಯ್ಯ ಮೊದಲಾದವರು ಬಸವಣ್ಣನವರ ಬಳಿಗೆ ಸಾರಿದ್ದೂ ಮಾನ, ನೇಮ, ಬಳಗಗಳನ್ನು ಅರಸಿಯೇ ಅಲ್ಲವೇ? ಅಂದಿನ ಸಂಪ್ರದಾಯಸ್ಥರ ಕಣ್ಣಿಗೆ ಅವರೂ ದಾರಿ ತಪ್ಪಿದವರಾಗಿಯೇ ಕಂಡಿರಬೇಕು. ಅಂಥವರ ಸಂತತಿಯೆಂದು ಹೆಮ್ಮೆಪಡುವ ನಾವು, ಇಂದು ಬೇರೆಡೆಗೆ ಹೊರಟವನನ್ನು ನಿಂದಿಸುವುದು ಹೇಗೆ ಒಪ್ಪೀತು?

ಆದುದರಿಂದ ಹೋದವನು ಏಕೆ ಹೋದನೆಂದು ಕೇಳುವ ಮೊದಲು, ಇದ್ದಾಗ ಅವನನ್ನು ನಾವು ಎಲ್ಲಿ ಕೂರಿಸಿದ್ದೆವೆಂದು ಕೇಳಿಕೊಳ್ಳೋಣ. ಅಂಗಳದಲ್ಲಿಯೋ, ಪಂಕ್ತಿಯಲ್ಲಿಯೋ? ಹಣೆಗೆ ಹಚ್ಚಿದ ವಿಭೂತಿ ಒಂದೇ ಆಗಿದ್ದು ಕುಡಿಯುವ ಲೋಟ ಬೇರೆಯಾಗಿದ್ದರೆ, ಅಲ್ಲಿ ಮೊದಲು ಧರ್ಮ ಬಿಟ್ಟವರು ಯಾರು? ಊರಿಗೆ ಮರಳಿದ ಮೇಲೆ ನಿಮ್ಮ ನಿಮ್ಮ ಹೊಸ್ತಿಲಲ್ಲಿ ನಿಂತು ಈ ಪ್ರಶ್ನೆಗೆ ಉತ್ತರ ಹುಡುಕಿರಿ.