ಪೆನಲ್, ಆಡಿಟ್, ಅಭಿಮಾನ: ಘಟಪ್ರಭೆಯ ದಂಡೆಯ ಸಹಕಾರಿ ಪೈಪೋಟಿ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಸಾರ್ವಜನಿಕ ಬದುಕಿನಲ್ಲಿ ಸಹಕಾರಿ ಸಂಸ್ಥೆಗಳ ಚುನಾವಣೆಗೆ ಇರುವ ಕಾವನ್ನು ಹೊರಗಿನವರು ಊಹಿಸುವುದು ಕಷ್ಟ. ಸಕ್ಕರೆ ಕಾರ್ಖಾನೆ, ಪಿಕೆಪಿಎಸ್ ಎಂದು ಜನ ಕರೆಯುವ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕು, ಹುಕ್ಕೇರಿಯ ವಿದ್ಯುತ್ ಸೊಸೈಟಿ, ಇವೆಲ್ಲವುಗಳಲ್ಲಿ ಎರಡು ಪೆನಲ್‌ಗಳು, ಅಂದರೆ ಒಟ್ಟಾಗಿ ನಿಂತ ಅಭ್ಯರ್ಥಿಗಳ ಎರಡು ತಂಡಗಳು, ಎದುರುಬದುರಾಗುತ್ತವೆ. ಪ್ರತಿ ಪೆನಲ್‌ನ ಬೆನ್ನಿಗೂ ಒಂದು ಅಭಿಮಾನಿ ಬಳಗವಿರುತ್ತದೆ. ಗೆದ್ದವರು ಗುಲಾಲು ಎರಚುತ್ತಾರೆ, ಸೋತವರು ಲೆಕ್ಕಪತ್ರದ ತನಿಖೆಯಾಗಬೇಕೆಂದು ಮನವಿ ಬರೆಯಲು ಕೂಡುತ್ತಾರೆ. ಯುರೋಪಿನ ಫುಟ್‌ಬಾಲ್ ಅಭಿಮಾನಿಗಳು ಎದುರಾಳಿ ಕ್ಲಬ್ಬಿನ ಖರ್ಚುವೆಚ್ಚದ ವಿಚಾರಣೆಯನ್ನು ಪಂದ್ಯದಷ್ಟೇ ಉತ್ಸಾಹದಿಂದ ಚರ್ಚಿಸುವ ಕಾಲವಿದು. ಆಟದ ಹೆಸರಿಲ್ಲದೆ ಅದೇ ಚರ್ಚೆ ಈ ಮೂರು ತಾಲ್ಲೂಕುಗಳಲ್ಲಿ ಹೇಗೆ ಬೆಳೆದು ಬಂತೆಂಬುದು ಇಲ್ಲಿನ ವಿಷಯ.

ಈ ಭಾಗಕ್ಕೆ ದೊಡ್ಡ ಬಂಡವಾಳ ಮೊದಲು ಬಂದದ್ದು ಸಹಕಾರದ ರೂಪದಲ್ಲಲ್ಲ. ಗೋಕಾಕ ಫಾಲ್ಸಿನ ನೂಲಿನ ಗಿರಣಿಯನ್ನು ಫೋರ್ಬ್ಸ್ ಸಂಸ್ಥೆ ಕಟ್ಟಿತು. 1887ರಲ್ಲಿ ಜಲಪಾತದ ನೀರಿನಿಂದ ಅಲ್ಲಿ ವಿದ್ಯುತ್ ತಯಾರಾಯಿತು. ಭಾರತದ ಜಲವಿದ್ಯುತ್ತಿನ ಅತ್ಯಂತ ಹಳೆಯ ನೆಲೆಗಳಲ್ಲಿ ಒಂದೆಂದು ಅದನ್ನು ಗುರುತಿಸಲಾಗುತ್ತದೆ. ಆದರೆ ಆ ಶಕ್ತಿ ಗಿರಣಿಯ ಯಂತ್ರಗಳಿಗೆ ಮೀಸಲಾಗಿತ್ತೇ ಹೊರತು ಸುತ್ತಲಿನ ಹಳ್ಳಿಗಳ ಬಾವಿಗಳಿಗಲ್ಲ. ಮುಂದೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ಘಟಪ್ರಭೆಗೆ ಅಡ್ಡಲಾಗಿ ರಾಜಾ ಲಖಮಗೌಡ ಜಲಾಶಯ ಎದ್ದು ನಿಂತು 51 ಟಿಎಂಸಿ ನೀರು ಹಿಡಿಯುವಂತಾದ ಮೇಲೆ ಕಬ್ಬು ಈ ಸೀಮೆಯ ಮುಖ್ಯ ಬೆಳೆಯಾಯಿತು. ಕಬ್ಬು ಬೆಳೆದವನಿಗೆ ಮೂರು ಸಂಗತಿಗಳು ಬೇಕೇ ಬೇಕು: ಪಂಪ್‌ಸೆಟ್ಟಿಗೆ ಕರೆಂಟು, ಹಂಗಾಮಿಗೆ ಸಾಲ, ಕಟಾವಾದ ಕಬ್ಬನ್ನು ನುರಿಸುವ ಕಾರ್ಖಾನೆ. ಹುಕ್ಕೇರಿಯಲ್ಲಿ ಈ ಮೂರರಲ್ಲೂ, ಉಳಿದೆಡೆ ಸಾಲ ಮತ್ತು ಕಾರ್ಖಾನೆಯಲ್ಲಿ ಸಹಕಾರಿ ಸಂಸ್ಥೆಗಳ ಕೈಯಿದ್ದುದರಿಂದ ಸಂಸ್ಥೆಯ ಚುನಾವಣೆಯೆಂಬುದು ರೈತನ ವರ್ಷದ ಆದಾಯದ ಪ್ರಶ್ನೆಯೇ ಆಯಿತು.

ಸಹಕಾರವೆಂಬ ಕಾನೂನುಬದ್ಧ ವ್ಯವಸ್ಥೆ ಭಾರತಕ್ಕೆ ಬಂದದ್ದು 1904ರ ಕಾಯ್ದೆಯ ಮೂಲಕ. ಅದರಡಿ 1905ರಲ್ಲಿ ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸ್ಥಾಪಿಸಿದ ಕೃಷಿ ಪತ್ತಿನ ಸಂಘವು ಮುಂಬಯಿ ಕರ್ನಾಟಕದ ಸಹಕಾರಿಗಳ ಹೆಮ್ಮೆಯಾಗಿ ಉಳಿದಿದೆ. ಬೆಳಗಾವಿ ಜಿಲ್ಲೆ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದರಿಂದ ಇಲ್ಲಿನ ಸಂಘಗಳು 1925ರ ಮುಂಬಯಿ ಕಾಯ್ದೆಯ ಪ್ರಕಾರ ನಡೆದವು, ಬಳಿಕ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಗೆ ಒಳಪಟ್ಟವು. ಮುಂಬಯಿಯ ಕಾಲದ ಗುರುತು ಮಾತಿನಲ್ಲಿ ಈಗಲೂ ಇದೆ: ಆಸ್ತಿ ಮತ್ತು ಹೊಣೆಗಳ ಪಟ್ಟಿ ಇಲ್ಲಿ ‘ಅಢಾವೆ ಪತ್ರಿಕೆ’, ಸಭೆಯ ನಿರ್ಣಯ ‘ಠರಾವು’, ಅಧ್ಯಕ್ಷ ‘ಚೇರ್ಮನ್’. ವಾರ್ಷಿಕ ಮಹಾಸಭೆಗೆ ಮುನ್ನ ಸದಸ್ಯರಿಗೆ ಹಂಚುವ ಅಹವಾಲಿನ, ಅಂದರೆ ವರದಿಯ, ಪುಸ್ತಕದಲ್ಲಿ ಅಢಾವೆ ಪತ್ರಿಕೆಯೂ ಲಾಭ-ಹಾನಿ ಪತ್ರಕವೂ ಅಚ್ಚಾಗಿರುತ್ತವೆ. ಆದರೆ ಹೆಚ್ಚಿನವರ ಕಣ್ಣು ಮೊದಲು ಹೋಗುವುದು ಡಿವಿಡೆಂಡಿನ ದರ ಮತ್ತು ಆಡಿಟ್ ವರ್ಗದ ಕಡೆಗೆ. ಆಡಿಟ್ ವರ್ಗವೆಂದರೆ ಲೆಕ್ಕಪರಿಶೋಧಕರು ಸಂಸ್ಥೆಗೆ ಕೊಡುವ ದರ್ಜೆ. ‘ಅ’ ಬಂದರೆ ಆಡಳಿತ ಮಂಡಳಿ ಅದನ್ನು ಫಲಕದ ಮೇಲೆ ಬರೆಸುತ್ತದೆ, ಕೆಳಗಿನ ದರ್ಜೆ ಬಂದರೆ ಅದನ್ನು ಎದುರಾಳಿಗಳು ಭಾಷಣದಲ್ಲಿ ಓದುತ್ತಾರೆ.

1959ರ ಕಾಯ್ದೆಯ 63ನೆಯ ಕಲಂ ವಾರ್ಷಿಕ ಲೆಕ್ಕಪರಿಶೋಧನೆಯನ್ನು ಕಡ್ಡಾಯ ಮಾಡುತ್ತದೆ. 64ನೆಯ ಕಲಂ ಸಂಘದ ರಚನೆ, ಕಾರ್ಯವೈಖರಿ ಮತ್ತು ಹಣಕಾಸಿನ ಸ್ಥಿತಿಯ ಬಗ್ಗೆ ವಿಚಾರಣೆ ನಡೆಸುವ ಅಧಿಕಾರವನ್ನು ನಿಬಂಧಕರಿಗೆ, ಅಂದರೆ ಸರ್ಕಾರದ ಸಹಕಾರ ಇಲಾಖೆಯ ಮೇಲ್ವಿಚಾರಣಾಧಿಕಾರಿಗೆ, ಕೊಡುತ್ತದೆ. 30ನೆಯ ಕಲಂ ಆಡಳಿತ ಮಂಡಳಿಯನ್ನು ತೆಗೆದು ಆಡಳಿತಾಧಿಕಾರಿಯನ್ನು ಕೂಡಿಸಲು ದಾರಿ ಮಾಡುತ್ತದೆ. ‘ಅರವತ್ನಾಲ್ಕು’ ಎಂದರೆ ಸಾಕು, ವಿಚಾರಣೆಯೆಂದು ಸಹಕಾರಿ ವಲಯದಲ್ಲಿ ಅರ್ಥವಾಗುತ್ತದೆ. ಈ ಕಲಂಗಳನ್ನು ಬರೆದವರ ಮನಸ್ಸಿನಲ್ಲಿ ಇದ್ದದ್ದು ಮುಗ್ಧ ಸದಸ್ಯನ ರಕ್ಷಣೆ; ಬಳಕೆಯಲ್ಲಿ ಅವು ಪೈಪೋಟಿಯ ಆಯುಧಗಳೂ ಆದವು. ರಾಜ್ಯದಲ್ಲಿ ಸರ್ಕಾರ ಬದಲಾದಾಗ ಇಲಾಖೆಯ ನೋಟ ಯಾವ ಸಂಸ್ಥೆಯ ಮೇಲೆ ಬೀಳುತ್ತದೆ ಎಂಬುದನ್ನು ಎರಡೂ ಬಳಗಗಳು ಎಚ್ಚರದಿಂದ ಗಮನಿಸುತ್ತವೆ. ಹಾಗೆಂದು ಆಯುಧವಾದ ಮಾತ್ರಕ್ಕೆ ನಿಯಮ ಕೆಟ್ಟಿತೆನ್ನುವುದು ಅವಸರದ ತೀರ್ಮಾನವಾದೀತು, ಏಕೆಂದರೆ ಎದುರು ಪೆನಲ್ಲೇ ಇಲ್ಲದ ಸಂಘದಲ್ಲಿ ಲೆಕ್ಕಪರಿಶೋಧನಾ ವರದಿ ಕಪಾಟು ಸೇರುತ್ತದೆ. ಅದನ್ನು ಸಾಲು ಸಾಲಾಗಿ ಓದುವ ತಾಳ್ಮೆ ಹಗೆಯವನಿಗೆ ಮಾತ್ರ ಇರುತ್ತದೆ.

ಮತದಾನದ ಹಕ್ಕೇ ಹಣಕಾಸಿನ ನಿಯಮಕ್ಕಿಂತ ದೊಡ್ಡ ಜಗಳವಾದದ್ದು ಸಂವಿಧಾನದ 97ನೆಯ ತಿದ್ದುಪಡಿ 2012ರಲ್ಲಿ ಜಾರಿಗೆ ಬಂದ ಮೇಲೆ. ಆ ತಿದ್ದುಪಡಿಯನ್ನು ಅನುಸರಿಸಿ ರಾಜ್ಯದ ಕಾಯ್ದೆ ಬದಲಾಗಿ, ನಿಗದಿತ ಸಂಖ್ಯೆಯ ಮಹಾಸಭೆಗಳಿಗೆ ಹಾಜರಾಗದ ಅಥವಾ ಸಂಘದ ಸೇವೆಯನ್ನು ಕನಿಷ್ಠ ಪ್ರಮಾಣದಲ್ಲಾದರೂ ಬಳಸದ ಸದಸ್ಯನಿಗೆ ಮತ ಹಾಕುವ ಅರ್ಹತೆ ಇಲ್ಲವೆಂದಾಯಿತು. ಹಾಜರಿ ಪುಸ್ತಕದ ಸಹಿ ಅಂದಿನಿಂದ ಚುನಾವಣೆಯ ಭವಿಷ್ಯವನ್ನೇ ನಿರ್ಧರಿಸತೊಡಗಿತು. ಅರ್ಹ ಮತ್ತು ಅನರ್ಹ ಮತದಾರರ ಪಟ್ಟಿಗಳು ಹೈಕೋರ್ಟಿನ ಧಾರವಾಡ ಪೀಠದ ಮೆಟ್ಟಿಲೇರುವುದು ವಾಡಿಕೆಯಾಯಿತು. 1997ರ ಸೌಹಾರ್ದ ಸಹಕಾರಿ ಕಾಯ್ದೆ ಮತ್ತು 2002ರ ಬಹುರಾಜ್ಯ ಸಹಕಾರ ಸಂಘಗಳ ಕಾಯ್ದೆಗಳು ಬಂದ ನಂತರ 1959ರ ಕಾಯ್ದೆಯ ಹೊರಗೇ ಸಂಘ ಕಟ್ಟುವ ಮತ್ತೊಂದು ದಾರಿ ತೆರೆದಿತ್ತು. ಮಹಾರಾಷ್ಟ್ರದ ಗಡಿಗೆ ಅಂಟಿಕೊಂಡ ಈ ಭಾಗದಲ್ಲಿ ‘ಮಲ್ಟಿಸ್ಟೇಟ್’ ಎಂದೇ ಹೆಸರಾದ ಸಂಘಗಳ ಮೇಲ್ವಿಚಾರಣೆ ಬೆಂಗಳೂರಿನ ಕೈಬಿಟ್ಟು ದೆಹಲಿಯ ಕೇಂದ್ರ ನಿಬಂಧಕರಿಗೆ ಹೋಗುತ್ತದೆ, ಅಂದರೆ ಯಾವ ನಿಯಮಕ್ಕೆ ಒಳಪಡಬೇಕೆಂಬುದನ್ನು ಸ್ವಲ್ಪಮಟ್ಟಿಗೆ ಸಂಸ್ಥೆ ಕಟ್ಟುವವರೇ ಆರಿಸಿಕೊಳ್ಳಬಹುದು.

ಫುಟ್‌ಬಾಲಿನ ಹೋಲಿಕೆ ಇಲ್ಲಿ ಸುಮ್ಮನೆ ತಂದದ್ದಲ್ಲ. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಒಂದು ಕ್ಲಬ್ಬು ಮೂರು ವರ್ಷಗಳಲ್ಲಿ 10.5 ಕೋಟಿ ಪೌಂಡಿಗಿಂತ ಹೆಚ್ಚು ನಷ್ಟ ಮಾಡಿಕೊಳ್ಳಬಾರದೆಂಬ ನಿಯಮವನ್ನು ಮೀರಿದ್ದಕ್ಕೆ ಎವರ್ಟನ್ ಕ್ಲಬ್ಬಿನ 10 ಅಂಕಗಳನ್ನು 2023ರ ನವೆಂಬರಿನಲ್ಲಿ ಕಡಿತಗೊಳಿಸಲಾಯಿತು, ಮೇಲ್ಮನವಿಯಲ್ಲಿ ಅದು 6ಕ್ಕೆ ಇಳಿಯಿತು. ಅದೇ ವರ್ಷದ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಸಿಟಿಯ ಮೇಲೆ ನೂರಕ್ಕೂ ಮಿಕ್ಕ ಆರೋಪಗಳನ್ನು ಹೊರಿಸಲಾಗಿತ್ತು. ಎದುರಾಳಿಗೆ ಶಿಕ್ಷೆಯಾದರೆ ನ್ಯಾಯ, ತಮ್ಮ ಕ್ಲಬ್ಬಿಗಾದರೆ ದೊಡ್ಡವರ ಒಳಸಂಚು ಎಂಬ ವಾದಸರಣಿ ಗೋಕಾಕದ ಚಹಾದ ಅಂಗಡಿಗೆ ಅಪರಿಚಿತವೇನಲ್ಲ. ಆದರೆ ಇಂಗ್ಲೆಂಡಿನ ಕ್ಲಬ್ಬುಗಳು ಮಾಲೀಕರ ಕಂಪನಿಗಳು. ಹುಕ್ಕೇರಿಗೆ ನಿಜವಾಗಿ ಹತ್ತಿರವಾದದ್ದು ಸ್ಪೇನಿನ ಬಾರ್ಸಿಲೋನಾ: 1990ರ ಕ್ರೀಡಾ ಕಾನೂನು ಅಲ್ಲಿನ ವೃತ್ತಿಪರ ಕ್ಲಬ್ಬುಗಳನ್ನು ಕಂಪನಿಗಳಾಗಿಸಿದಾಗಲೂ ಅದು ರಿಯಲ್ ಮ್ಯಾಡ್ರಿಡ್, ಅಥ್ಲೆಟಿಕ್ ಬಿಲ್ಬಾವೊ, ಒಸಾಸುನಾಗಳ ಜೊತೆ ಸದಸ್ಯರ ಸ್ವತ್ತಾಗಿಯೇ ಉಳಿಯಿತು. ಸದಸ್ಯರೇ ಅಧ್ಯಕ್ಷನನ್ನೂ ಅವನ ತಂಡವನ್ನೂ ಆರಿಸುವ ಆ ಕ್ಲಬ್ಬು ಲೀಗಿನ ಸಂಬಳದ ಮಿತಿಯೊಳಗೆ ಒಪ್ಪಂದವನ್ನು ಹೊಂದಿಸಲಾಗದೆ 2021ರ ಆಗಸ್ಟಿನಲ್ಲಿ ಮೆಸ್ಸಿಯನ್ನು ಕಳೆದುಕೊಂಡಿತು. ಕರ್ನಾಟಕದ ಫುಟ್‌ಬಾಲಿನಲ್ಲಿ ಇಂಥ ಸದಸ್ಯತ್ವವಿಲ್ಲ. 2013ರಲ್ಲಿ ಜೆಎಸ್‌ಡಬ್ಲ್ಯು ಸ್ಥಾಪಿಸಿದ ಬೆಂಗಳೂರು ಎಫ್‌ಸಿ, ಲೀಗಿನ ಭವಿಷ್ಯವೇ ಅನಿಶ್ಚಿತವಾದ 2025ರ ಆಗಸ್ಟಿನಲ್ಲಿ ಮೊದಲ ತಂಡದ ಸಂಬಳವನ್ನು ತಡೆಹಿಡಿದಾಗ, ಅಭಿಮಾನಿಗಳಿಗೆ ಅದನ್ನು ಪ್ರಶ್ನಿಸುವ ಮಹಾಸಭೆಯೊಂದು ಇರಲಿಲ್ಲ. ಹುಕ್ಕೇರಿಯ ಷೇರುದಾರನಿಗೆ ಆ ಮಹಾಸಭೆ ಇದೆ.

ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದ ಇತಿಹಾಸ ವಿಶಿಷ್ಟವಾದದ್ದು. ಗ್ರಾಮೀಣ ವಿದ್ಯುದೀಕರಣ ನಿಗಮ 1969ರಲ್ಲಿ ಸ್ಥಾಪನೆಯಾದಾಗ, ಅಮೆರಿಕದ ಹಳ್ಳಿಗಳಲ್ಲಿ ರೈತರೇ ತಂತಿ ಎಳೆದು ನಡೆಸುತ್ತಿದ್ದ ವಿದ್ಯುತ್ ಸಹಕಾರಿಗಳ ಮಾದರಿಯಲ್ಲಿ ಭಾರತದಲ್ಲಿ ಐದು ಪ್ರಾಯೋಗಿಕ ಸಂಘಗಳನ್ನು ಆರಂಭಿಸಲಾಯಿತು: ಅಂದಿನ ಆಂಧ್ರದ ಸಿರಿಸಿಲ್ಲ, ಗುಜರಾತಿನ ಕೋಡಿನಾರ, ಮಹಾರಾಷ್ಟ್ರದ ಮುಳಾ-ಪ್ರವರಾ, ಉತ್ತರ ಪ್ರದೇಶದ ಲಖನೌ ಮತ್ತು ಮೈಸೂರು ರಾಜ್ಯದ ಹುಕ್ಕೇರಿ. ವಿದ್ಯುತ್ತನ್ನು ಸಗಟಾಗಿ ಕೊಂಡು, ತನ್ನದೇ ಕಂಬ ಮತ್ತು ತಂತಿಗಳ ಮೂಲಕ ತಾಲ್ಲೂಕಿನ ಮನೆ, ಗಿರಣಿ, ಪಂಪ್‌ಸೆಟ್ಟುಗಳಿಗೆ ಹಂಚಿ, ಬಿಲ್ಲು ವಸೂಲಿ ಮಾಡುವ ಈ ಸಂಘದಲ್ಲಿ ಬಳಕೆದಾರನೇ ಷೇರುದಾರ. ಮುಳಾ-ಪ್ರವರಾದ ಪರವಾನಗಿ 2011ರಲ್ಲಿ ಕೊನೆಗೊಂಡು ಅದರ ಪ್ರದೇಶ ಮಹಾರಾಷ್ಟ್ರದ ವಿತರಣಾ ಕಂಪನಿಗೆ ಸೇರಿತು. ಹುಕ್ಕೇರಿಯದು ಉಳಿಯಿತು, ಕರ್ನಾಟಕದಲ್ಲಿ ಅಂಥದ್ದು ಅದೊಂದೇ. ಸರ್ಕಾರಿ ವಿತರಣಾ ಕಂಪನಿಯಾದ ಹೆಸ್ಕಾಂನಿಂದ ಅದು ವಿದ್ಯುತ್ ಕೊಳ್ಳುತ್ತದೆ. ಅದರ ದರ ಮತ್ತು ಖರ್ಚುಗಳನ್ನು ರಾಜ್ಯ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಪರಿಶೀಲಿಸುತ್ತದೆ. ಸಹಕಾರ ಇಲಾಖೆಯ ಆಡಿಟ್ಟು, ಆಯೋಗದ ವಿಚಾರಣೆ, ಹೀಗೆ ಇಲ್ಲಿ ಲೆಕ್ಕ ಕೇಳುವವರು ಇಬ್ಬರು.

ಪೈಪೋಟಿಯ ಎರಡು ಬದಿಗಳೂ ಬಹುಕಾಲದಿಂದ ಮನೆತನಗಳ ಹೆಸರಿನಲ್ಲೇ ಗುರುತಾಗಿವೆ: ಹುಕ್ಕೇರಿಯಲ್ಲಿ ಕತ್ತಿ, ಗೋಕಾಕದಲ್ಲಿ ಜಾರಕಿಹೊಳಿ. ಪಕ್ಷದ ಅಳತೆಗೋಲಿನಿಂದ ನೋಡಿದವರಿಗೆ ಇದು ಅರ್ಥವಾಗುವುದಿಲ್ಲ. 2023ರ ವಿಧಾನಸಭಾ ಚುನಾವಣೆಯಲ್ಲಿ ಜಾರಕಿಹೊಳಿ ಸಹೋದರರಲ್ಲಿ ರಮೇಶ ಗೋಕಾಕದಿಂದ ಮತ್ತು ಮೂಡಲಗಿ ಭಾಗವನ್ನೊಳಗೊಂಡ ಅರಭಾವಿಯಿಂದ ಬಾಲಚಂದ್ರ ಬಿಜೆಪಿಯವರಾಗಿ, ಯಮಕನಮರಡಿಯಿಂದ ಸತೀಶ ಕಾಂಗ್ರೆಸ್ಸಿನವರಾಗಿ ಗೆದ್ದರು. ಅದೇ ಚುನಾವಣೆಯಲ್ಲಿ ಹುಕ್ಕೇರಿಯಲ್ಲಿ ಬಿಜೆಪಿಯ ನಿಖಿಲ ಕತ್ತಿಯವರೆದುರು ಸೋತಿದ್ದ ಕಾಂಗ್ರೆಸ್ಸಿನ ಎ.ಬಿ. ಪಾಟೀಲರು ಎರಡೇ ವರ್ಷಗಳಲ್ಲಿ ವಿದ್ಯುತ್ ಸಂಘದ ಚುನಾವಣೆಗೆ ಅದೇ ಕತ್ತಿ ಮನೆತನದ ರಮೇಶ ಕತ್ತಿಯವರ ಜೊತೆಗೂಡಿದರು. ಎದುರಿಗೆ ಜಾರಕಿಹೊಳಿಗಳು ಜೊಲ್ಲೆ ಮನೆತನದ ಜೊತೆ ಸೇರಿ ನಿಲ್ಲಿಸಿದ ಪೆನಲ್ ಇತ್ತು. ನಾಯಕರ ಮೈತ್ರಿ, ಧ್ವಜದ ಬಣ್ಣ ಬದಲಾದರೂ ಬದಿ ಬದಲಿಸದ ಅಭಿಮಾನಿ ಬಳಗಗಳ ನಿಷ್ಠೆಗೆ ರಾಜಕೀಯ ಶಾಸ್ತ್ರಕ್ಕಿಂತ ಕ್ರೀಡಾಂಗಣವೇ ಒಳ್ಳೆಯ ವಿವರಣೆ ಕೊಟ್ಟೀತು.

ಲೆಕ್ಕ ಕೇಳುವ ಕೆಲಸ ಪೆನಲ್‌ಗಳಿಂದಾಚೆಗೂ ನಡೆದದ್ದುಂಟು. 2025ರ ಅಕ್ಟೋಬರ್ ಕೊನೆಯಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಧರಣಿ ಕೂತ ಕಬ್ಬು ಬೆಳೆಗಾರರು ಟನ್ನಿಗೆ 3,500 ರೂಪಾಯಿ ಕೇಳಿದರು. ನವೆಂಬರ್ 7ರಂದು ಸರ್ಕಾರ 3,300 ರೂಪಾಯಿಯ ದರ ಪ್ರಕಟಿಸಿತು. ಅಲ್ಲಿ ಸಹಕಾರಿ ಕಾರ್ಖಾನೆ, ಖಾಸಗಿ ಕಾರ್ಖಾನೆ ಎಂಬ ಭೇದವನ್ನಾಗಲಿ ಯಾವ ಮನೆತನದ್ದೆಂಬುದನ್ನಾಗಲಿ ರೈತರು ಎಣಿಸಲಿಲ್ಲ, ಏಕೆಂದರೆ ತೂಕ, ಇಳುವರಿ ಮತ್ತು ಬಿಲ್ಲಿನ ಪ್ರಶ್ನೆ ಎಲ್ಲ ಗೇಟಿನಲ್ಲೂ ಒಂದೇ ಆಗಿತ್ತು.

ಅದಕ್ಕೆ ಒಂದು ತಿಂಗಳು ಮೊದಲು, ಸೆಪ್ಟೆಂಬರ್ 28ರಂದು ನಡೆದ ಹುಕ್ಕೇರಿ ವಿದ್ಯುತ್ ಸಂಘದ ಚುನಾವಣೆಯಲ್ಲಿ ಕತ್ತಿ-ಪಾಟೀಲ ಪೆನಲ್ ಎಲ್ಲ 15 ಸ್ಥಾನಗಳನ್ನೂ ಗೆದ್ದುಕೊಂಡಿತು. ಆಡಳಿತ ಮಂಡಳಿಯ ಸಭೆಯಲ್ಲಿ ಎದುರು ಬದಿಯ ಒಬ್ಬ ನಿರ್ದೇಶಕನೂ ಕೂಡದ ಇಂಥ ಅವಧಿಯಲ್ಲಿ ಖರೀದಿಯ ಠರಾವನ್ನು ಪ್ರಶ್ನಿಸುವ ಹೊಣೆ ಮಹಾಸಭೆಯಲ್ಲಿ ಕೈಯೆತ್ತುವ ಷೇರುದಾರನಿಗೂ, ದರದ ಅರ್ಜಿಗೆ ಲಿಖಿತ ಆಕ್ಷೇಪಣೆ ಸಲ್ಲಿಸುವ ಗ್ರಾಹಕನಿಗೂ ಬರುತ್ತದೆ.