ಷಡ್ರಸಗಳ ಲೆಕ್ಕ

ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ವನ್ನು ರಚಿಸಿದರು. ಅದರ ಒಂದು ಪ್ರಶ್ನೆ ನಮ್ಮ ಅಡುಗೆಮನೆಗೆ ಸೇರಿದ್ದು: ಒಗರು, ಕಹಿ, ಹುಳಿ, ಖಾರ, ಉಪ್ಪು, ಸಿಹಿ ಎಂಬ ಆರು ರಸಗಳನ್ನು ಎಷ್ಟು ಬಗೆಯಾಗಿ ಕೂಡಿಸಬಹುದು? ಒಂದೊಂದಾಗಿ 6. ಆರನ್ನು ಐದರಿಂದ ಗುಣಿಸಿ ಎರಡರಿಂದ ಭಾಗಿಸಿದರೆ ಎರಡೆರಡರ ಕೂಟಗಳು 15. ಅದನ್ನು ನಾಲ್ಕರಿಂದ ಗುಣಿಸಿ ಮೂರರಿಂದ ಭಾಗಿಸಿದರೆ ಮೂರು ಮೂರರ ಕೂಟಗಳು 20. ಮುಂದೆ ಹೀಗೆಯೇ 15, 6, 1, ಒಟ್ಟು 63. ವಸ್ತುಗಳು ಎಷ್ಟೇ ಇರಲಿ, ಎಲ್ಲಕ್ಕೂ ಸಲ್ಲುವ ಸೂತ್ರವನ್ನೇ ಆಚಾರ್ಯರು ಕೊಟ್ಟಿದ್ದಾರೆ. ನಮ್ಮ ಮಕ್ಕಳು ಇದನ್ನು ರುಚಿಯಿಲ್ಲದ ಅಕ್ಷರಗಳಲ್ಲಿ ಬಾಯಿಪಾಠ ಮಾಡುತ್ತಾರೆ!

ಇಂಥ ಗ್ರಂಥವನ್ನು ಅಭಿಮಾನದಿಂದ ಪೂಜಿಸಿ ಮುಚ್ಚಿಡುವುದು ಸುಲಭ. ಆದರೆ ಸೊನ್ನೆಯಿಂದ ಭಾಗಿಸಿದ ಸಂಖ್ಯೆಯು ಬದಲಾಗದೆಂದೂ ಅದೇ ಗ್ರಂಥ ಹೇಳುತ್ತದೆ, ಅದು ಸರಿಯಲ್ಲ. ಇದನ್ನು ಮರೆಮಾಚಿ ಹೊಗಳುವುದು ಸತ್ಯಾಣುವ್ರತಕ್ಕೆ ಒಪ್ಪದು. ಬಸದಿಯ ಪಾಠಶಾಲೆಗಳಲ್ಲಿ ಎರಡನ್ನೂ ಮಕ್ಕಳ ಮುಂದಿಡಬೇಕು. ಅರವತ್ತಮೂರನ್ನು ಅವರೇ ಎಣಿಸಲಿ, ಸೊನ್ನೆಯ ಮಾತನ್ನು ಅವರೇ ಪ್ರಶ್ನಿಸಲಿ. ಸಂಸ್ಕೃತ ಬಾರದೆಂಬ ನೆಪವೂ ಈಗ ಉಳಿದಿಲ್ಲ. ಪದ್ಮಾವತಮ್ಮನವರ ಕನ್ನಡ ಅನುವಾದವು 2000ದಲ್ಲಿ ಹೊಂಬುಜದಿಂದ ಪ್ರಕಟವಾಗಿದೆ.